ಬಿಲ್ಲೆ ತೆಗೆದ ಅಳತೆ

ಅಕ್ಕೋರು ತೀರಿಕೊಂಡರು ಎಂಬ ಸುದ್ದಿಯನ್ನು ನಮ್ಮ ಓಣಿಯ ರೇಣುಕಾ ಧಾರವಾಡದಿಂದ ತಂದ ದಿನ ನಾನು ಅದನ್ನು ನಂಬಲಿಲ್ಲ. ಸತ್ತ ಸುದ್ದಿಗೂ ಸಾಕ್ಷಿ ಕೇಳುವ ಮನುಷ್ಯ ಎಂದು ನನ್ನ ಹೆಂಡತಿ ಒಳಗಿನಿಂದಲೇ ಗೊಣಗಿದಳು. ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಹಾಗೆ ಕೇಳುವುದನ್ನು ನನಗೆ ಕಲಿಸಿದವರು ಅಕ್ಕೋರೇ. ಓಣಿಯಲ್ಲಿ ಯಾರು ಏನು ಸುದ್ದಿ ತಂದರೂ ಅವರು ಕೈಯಲ್ಲಿದ್ದ ಕೆಲಸ ನಿಲ್ಲಿಸಿ, ಕನ್ನಡಕವನ್ನು ಹಣೆಗೇರಿಸಿ, "ನೋಡಿದವ್ರು ಯಾರು?" ಎನ್ನುತ್ತಿದ್ದರು. ಕೇಳಿದವರು, ಅಂದುಕೊಂಡವರು ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ. ನಾನೂ ರೇಣುಕಾಳನ್ನು ಅದನ್ನೇ ಕೇಳಿದೆ. ಅವಳ ಉತ್ತರವನ್ನು ಕೊನೆಗೆ ಹೇಳುತ್ತೇನೆ. ಮೊದಲು ಅಕ್ಕೋರು ಎಂಥವರೆಂದು ಹೇಳಬೇಕು.

ನಾನು ಬಾಗಲಕೋಟೆ ಕಡೆಯವನು. ಗೋವೆಯ ವಾಸ್ಕೋ ಬಂದರಿನಲ್ಲಿ ಹಡಗಿಗೆ ಅದಿರು ತುಂಬುವಾಗ ಲೆಕ್ಕ ಬರೆಯುವ ಗುಮಾಸ್ತನಾಗಿದ್ದೆ. ಹೊರಟಾಗ ಇದ್ದ ತೂಕ ಮುಟ್ಟಿದಾಗ ಇರುವುದಿಲ್ಲ. ನಡುವೆ ಎಲ್ಲಿ ಹೋಯಿತೆಂದು ಕೇಳಿದರೆ ಎಲ್ಲರೂ ಆಕಾಶ ನೋಡುತ್ತಾರೆ. ಅಂಥ ನೌಕರಿಯಲ್ಲಿ ಕೂದಲು ಬೆಳ್ಳಗಾದವನಿಗೆ ಸಂಶಯ ಹುಟ್ಟಿನಿಂದ ಬರಬೇಕಿಲ್ಲ, ತಾನಾಗಿ ಅಂಟಿಕೊಳ್ಳುತ್ತದೆ. ಬಂದರಿನ ಹತ್ತಿರದ ಬಾಯ್ನಾದಲ್ಲಿ ನಾವಿದ್ದ ಸಾಲುಮನೆಗಳ ಚಾಳದ ಮಾಲೀಕರು ಮಡಗಾವಿನಲ್ಲಿದ್ದರು. ಬಾಡಿಗೆ ಕೂಡಿಸುವುದು, ಜಗಳ ಬಿಡಿಸುವುದು, ಹೊಸಬರು ಬಂದರೆ ಅವರ ಹಿಂದುಮುಂದು ವಿಚಾರಿಸುವುದು ನನ್ನ ಪಾಲಿಗೆ ಬಿದ್ದಿತ್ತು. ವಿಚಾರಿಸುವುದರಲ್ಲಿ ನನಗೆ ಸ್ವಲ್ಪ ಖುಷಿಯೂ ಇತ್ತೆನ್ನಿ.

ಎಂಬತ್ತರ ದಶಕದ ನಡುವಿನಲ್ಲಿ ಅಕ್ಕೋರು ಮೂಲೆಯ ಖೋಲಿ ಕೇಳಿಕೊಂಡು ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಒಬ್ಬರೇ. ಧಾರವಾಡದವರು, ವಾಸ್ಕೋದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ಕಾಲೇಜಿನಲ್ಲಿ ಕಲಿಸುವವರು ಗೌಂಡಿಗಳು, ಬಂದರಿನ ಹಮಾಲರು ಇರುವ ಓಣಿಯಲ್ಲಿ ಯಾಕೆ ಮನೆ ಹುಡುಕುತ್ತಾರೆಂದು ಕೇಳಿದೆ. ಕಾಲೇಜಿಗೆ ನಡೆದು ಹೋಗಬಹುದು, ಮತ್ತೆ ಇಲ್ಲಿ ನಮ್ಮ ಕಡೆಯ ಮಾತು ಕಿವಿಗೆ ಬೀಳುತ್ತದೆ ಎಂದರು. ಉತ್ತರ ಚೆನ್ನಾಗಿಯೇ ಇತ್ತು. ಅಷ್ಟು ಚೆನ್ನಾಗಿದ್ದದ್ದೇ ನನಗೆ ಸರಿಬರಲಿಲ್ಲ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರಲ್ಲ, ಓಣಿಗೆಲ್ಲ ಅದೇ ಅವರ ಹೆಸರಾಯಿತು. ನಿಜವಾದ ಹೆಸರು ಬಾಡಿಗೆ ಚೀಟಿಯಲ್ಲಿ ಮಾತ್ರ ಉಳಿಯಿತು.

ನನಗಿಂತ ಹೆಚ್ಚು ಸಂಶಯದ ಮನುಷ್ಯರನ್ನು ನಾನು ಕಂಡದ್ದು ಅವರೊಬ್ಬರನ್ನೇ. ಮೂಲೆಯ ಕಿರಾಣಿ ಅಂಗಡಿಯಲ್ಲಿ ಅಕ್ಕಿ ತೂಗಿಸುವ ಮೊದಲು ಖಾಲಿ ತಕ್ಕಡಿ ಎತ್ತಿ ಹಿಡಿಯಲು ಹೇಳುತ್ತಿದ್ದರು. ಅಂಗಡಿಯ ಗೋವೆಯ ಮುದುಕ ತಲೆ ಚಚ್ಚಿಕೊಂಡು, "ಬಾಯ್, ತುಕಾ ಸದಾಂಚ್ ದುಬಾವ್" ಎನ್ನುತ್ತಿದ್ದ. ಬಾಯಿಯವರೇ, ನಿಮಗೆ ಯಾವಾಗಲೂ ಸಂಶಯ ಎಂದು. ಒಂದು ದಿನ ಖಾಲಿ ತಕ್ಕಡಿ ಅವನಿಗೇ ನಷ್ಟವಾಗುವ ಕಡೆಗೆ ವಾಲಿತ್ತು. ಅಕ್ಕೋರು ಅದನ್ನೂ ಅಷ್ಟೇ ಗಟ್ಟಿಯಾಗಿ ಹೇಳಿ, ಸರಿಪಡಿಸುವವರೆಗೆ ಅಕ್ಕಿ ತೆಗೆದುಕೊಳ್ಳದೆ ನಿಂತರು. ಮುದುಕ ಆಮೇಲೆ ಗೊಣಗುವುದನ್ನು ಬಿಟ್ಟ. ತಮ್ಮ ಮೇಲೂ ಅಕ್ಕೋರಿಗೆ ನಂಬಿಕೆ ಕಡಿಮೆ. ಬಾಗಿಲಿಗೆ ಬೀಗ ಹಾಕಿ ಓಣಿ ದಾಟಿದವರು ತಿರುಗಿ ಬಂದು ಬೀಗ ಜಗ್ಗಿ ನೋಡುತ್ತಿದ್ದರು. ಹುಡುಗರು ನಕ್ಕರೆ ತಾವೂ ನಗುತ್ತಿದ್ದರು, ಆದರೆ ಮರುದಿನ ಮತ್ತೆ ಜಗ್ಗುತ್ತಿದ್ದರು.

ಬೇಸಿಗೆ ರಜೆ ಬಂದರೆ ಅಕ್ಕೋರು ಜಪಾನಿಗೆ ಹೋಗುತ್ತಿದ್ದರು. ಬಾಯ್ನಾದ ಖೋಲಿಯಿಂದ ಜಪಾನಿಗೆ! ಬರುವಾಗ ಒಂದು ಕಬ್ಬಿಣದ ಟ್ರಂಕು, ಅದರೊಳಗೆ ಊಟದ ತಟ್ಟೆಯಷ್ಟು ಅಗಲದ ದುಂಡನೆಯ ಡಬ್ಬಿಗಳು. ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಮಳೆಗಾಲದಲ್ಲಿ ಟ್ರಂಕನ್ನು ಮಂಚದ ಮೇಲಿಟ್ಟು ತಾವು ನೆಲದ ಮೇಲೆ ಮಲಗುತ್ತಿದ್ದರು. ರವಿವಾರ ಅದರಲ್ಲಿ ಒಂದನ್ನು ಅರಿವೆಯ ಚೀಲದಲ್ಲಿ ಹಾಕಿಕೊಂಡು ಪಣಜಿಯ ಬಸ್ಸು ಹತ್ತುತ್ತಿದ್ದರು. ಆ ಕಾಲದಲ್ಲಿ ಗೋವೆಯ ಕಡಲತೀರದಲ್ಲಿ ಕಳ್ಳಸಾಗಣೆಯ ಚಿನ್ನ ಬಂದಿಳಿಯುವ ಸುದ್ದಿ ದಿನಾ ಪೇಪರಿನಲ್ಲಿ ಬರುತ್ತಿತ್ತು. ನನಗೆ ಚಿನ್ನದ ಮೇಲೆ ಸಂಶಯ. ದಾಬೋಲಿಮ್‌ನಲ್ಲಿ ವಿಮಾನ ನಿಲ್ದಾಣದ ಕಾಮಗಾರಿಗೆ ಹೋಗುತ್ತಿದ್ದವರಿಗೆ ಬೇರೆಯದೇ ಸಂಶಯ. ಅಲ್ಲಿ ನೌಕಾಪಡೆಯ ಕಾವಲು ನೋಡಿ ನೋಡಿ, ಡಬ್ಬಿಯೊಳಗೆ ಫಿಲಂ ಇದೆ, ಈಕೆ ಗೂಢಚಾರಿಣಿ ಎಂದು ತೀರ್ಮಾನಿಸಿದ್ದರು. ಒಂದು ಸಲ ಸಾದಾ ಉಡುಪಿನ ಮನುಷ್ಯನೊಬ್ಬ ಬಂದು ನನ್ನ ಹತ್ತಿರ ಅವರ ಬಗ್ಗೆ ವಿಚಾರಿಸಿದ. ಯಾವ ಕಚೇರಿಯವನೆಂದು ಅವನು ಹೇಳಲಿಲ್ಲ. ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ, ಗೊತ್ತಿಲ್ಲದ್ದನ್ನೂ ಸ್ವಲ್ಪ ಹೇಳಿದೆ.

ಕೊನೆಗೆ ತಡೆಯಲಾರದೆ ಒಂದು ರವಿವಾರ ಅವರನ್ನೇ ಕೇಳಿಬಿಟ್ಟೆ. ಅಕ್ಕೋರು ಸಿಟ್ಟಾಗಲಿಲ್ಲ. ಕಟ್ಟೆಯ ಮೇಲೆ ಕುಳಿತು, ಒಂದು ಡಬ್ಬಿ ತೆರೆದು, ಸುತ್ತಿಟ್ಟ ಕಂದು ಬಣ್ಣದ ಟೇಪು ತೋರಿಸಿದರು. ಹಾಡಿನ ಕ್ಯಾಸೆಟ್ಟಿನಲ್ಲಿ ಇರುತ್ತದಲ್ಲ, ಅಂಥದೇ, ಅಗಲ ಹೆಚ್ಚು. ಅದರಲ್ಲಿ ಬರೀ ಎಣಿಕೆಗಳಿವೆ, ಪಣಜಿಯ ಕಚೇರಿಯೊಂದರ ಕಂಪ್ಯೂಟರ್ ಅದನ್ನು ಓದುತ್ತದೆ ಎಂದರು. ಏನನ್ನು ಎಣಿಸಿದ್ದು ಎಂದೆ. ಆಗ ಅವರು ಹೇಳಿದ್ದು ನನಗೆ ಅರ್ಥವಾದಷ್ಟು ಹೀಗಿತ್ತು. ಪರಮಾಣುವಿನ ನಡುವೆ ಒಂದು ಬೀಜ. ನಮ್ಮ ಸುತ್ತಲಿನ ಕಲ್ಲು, ನೀರು, ಅಕ್ಕಿಯಲ್ಲಿ ಇರುವ ಬೀಜಗಳು ಗಟ್ಟಿ, ಕೆಡುವುದಿಲ್ಲ. ಆದರೆ ಜಪಾನಿನ ಒಂದು ದೊಡ್ಡ ಯಂತ್ರದಲ್ಲಿ, ಲೋಹದ ಹಾಳೆಯೊಂದಕ್ಕೆ ಭಾರವಾದ ಬೀಜಗಳನ್ನು ಬಹಳ ವೇಗದಿಂದ ಬಡಿದರೆ, ಒಡೆದ ಚೂರುಗಳಲ್ಲಿ ಜಗತ್ತಿನಲ್ಲಿ ಎಲ್ಲೂ ಸಿಗದ ಬೀಜಗಳು ಹುಟ್ಟುತ್ತವೆ. ರೆಪ್ಪೆ ಬಡಿಯುವಷ್ಟರಲ್ಲಿ ಮುಗಿದು ಹೋಗುತ್ತವೆ. ಅಷ್ಟರೊಳಗೆ ಅವನ್ನು ಅಯಸ್ಕಾಂತದಿಂದ ಆರಿಸಿ, ಒಂದು ಸಾಲಾಗಿ ಓಡಿಸಿ, ಒಂದು ಇಂಗಾಲದ ಬಿಲ್ಲೆಗೆ ಬಡಿಯಬೇಕು. ಬಿಲ್ಲೆಯ ಮುಂದೆ ಎಷ್ಟಿದ್ದವು, ಹಿಂದೆ ಎಷ್ಟು ಉಳಿದವು ಎಂದು ಎಣಿಸಿದರೆ ಬೀಜ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ದೊಡ್ಡದಿದ್ದಷ್ಟೂ ಡಿಕ್ಕಿ ಹೆಚ್ಚು, ಉಳಿಯುವುದು ಕಡಿಮೆ.

"ಒಂದ ಬೀಜ ಐತ್ರಿ ಅಣ್ಣಾರ, ತನ್ನ ತೂಕಕ್ಕಿಂತ ಭಾಳ ದೊಡ್ಡದಾಗಿ ಕಾಣಸ್ತೈತಿ," ಎಂದರು. "ಒಳಗಿನ ಕಣಾ ಅಂದ್ರ ಮನಿ ಮಂದಿ, ಒತ್ತಿಕೊಂಡ ಕುಂತಿರ್ತಾರ. ಇಬ್ಬರು ಮಾತ್ರ ಹೊರಗ, ಅಂಗಳದಾಗ. ಮನಿಯವ್ರ ಹೌದು, ಮನಿಯೊಳಗ ಇಲ್ಲ. ಒಬ್ಬನ್ನ ತೆಗದ್ರ ಇನ್ನೊಬ್ಬನೂ ನಿಲ್ಲೂದುಲ್ಲ." ಊರು ಬಿಟ್ಟು ಬಾಯ್ನಾದಲ್ಲಿ ಬಿದ್ದಿದ್ದ ನಮಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಆದರೂ ನಾನು ಡಬ್ಬಿಯ ತಳವನ್ನು ಬೆರಳಿನಿಂದ ಬಡಿದು ನೋಡಿದೆ, ಚಿನ್ನವೇನಾದರೂ ಸದ್ದು ಮಾಡುತ್ತದೆಯೋ ಎಂದು. ಅಕ್ಕೋರಿಗೆ ಅದು ಇಷ್ಟವಾಯಿತು. ಮುಖದಲ್ಲಿ ಕಂಡಿತು.

ಅವತ್ತೇ ಅವರು ಬಿಲ್ಲೆ ತೆಗೆದು ಅಳೆಯುವ ಮಾತು ಹೇಳಿದ್ದು. ಬಿಲ್ಲೆಗೆ ಬಡಿದು ಮಾಯವಾದ ಬೀಜಗಳೆಲ್ಲ ಬಿಲ್ಲೆಯಿಂದಲೇ ಮಾಯವಾದವು ಎಂದು ಹೇಗೆ ನಂಬುವುದು? ದಾರಿಯಲ್ಲಿ ಗಾಳಿ ಇದೆ, ಎಣಿಸುವ ಯಂತ್ರವೂ ಇದೆ; ಅಲ್ಲಿಯೂ ಕೆಲವು ಸಾಯುತ್ತವೆ. ಹಾಗಾಗಿ ಬಿಲ್ಲೆ ತೆಗೆದು, ಉಳಿದದ್ದೆಲ್ಲ ಇದ್ದ ಹಾಗೇ ಇಟ್ಟು, ಮತ್ತೊಮ್ಮೆ ಎಣಿಸಬೇಕು. ಬಿಲ್ಲೆ ಇಲ್ಲದಾಗಲೂ ಸತ್ತವುಗಳ ಲೆಕ್ಕ ಕಳೆದರೆ ಮಾತ್ರ ಬಿಲ್ಲೆಯ ತಪ್ಪೆಷ್ಟು ಎಂದು ತಿಳಿಯುತ್ತದೆ. ಯಂತ್ರ ಸಿಗುವುದೇ ವರ್ಷಕ್ಕೆ ಕೆಲವು ದಿನ. ಆ ಹೊತ್ತನ್ನು ಖಾಲಿ ಜಾಗ ಅಳೆಯುವುದಕ್ಕೆ ಹಾಳು ಮಾಡುವುದೆಂದರೆ ಜೊತೆಯವರಿಗೆ ಹೊಟ್ಟೆಯುರಿ. ಒಂದು ವರ್ಷ ಅವರ ಗುಂಪಿಗೆ ಹೊಸ ಸಂಗತಿಯೊಂದು ಸಿಕ್ಕಿತ್ತಂತೆ. ಕೂಡಲೇ ಪ್ರಕಟಿಸೋಣ ಎಂದು ಉಳಿದವರು. ಖಾಲಿ ಅಳತೆ ಸಾಲದು, ಮುಂದಿನ ಸಲ ಮತ್ತೆ ಬಿಲ್ಲೆ ತೆಗೆದು ನೋಡೋಣ ಎಂದು ಇವರ ಹಟ. ಅಷ್ಟರಲ್ಲಿ ಬೇರೆ ದೇಶದ ಗುಂಪೊಂದು ಅದನ್ನೇ ಹೇಳಿ ಹೆಸರು ಮಾಡಿತು. ನಿಮ್ಮ ಲೆಕ್ಕ ಕೊನೆಗೆ ಏನಾಯಿತು ಎಂದೆ. ಅದೇ ಬಂತು ಎಂದರು. ಬೇಸರವಾಗಲಿಲ್ಲವೇ ಎಂದರೆ, ಖಾತ್ರಿ ಇಲ್ಲದೆ ಬಾಯಿ ಬಿಡುವುದಕ್ಕಿಂತ ತಡವಾಗಿ ಬಿಡುವುದು ಚಲೋ ಎಂದು ಟೇಪನ್ನು ಡಬ್ಬಿಗೆ ಹಾಕಿದರು. ಆ ಮಾತನ್ನು ನಾನು ಬಂದರಿನಲ್ಲಿ ನಾಲ್ಕು ಜನರ ಮುಂದೆ ಮೆಚ್ಚಿ ಹೇಳಿದ್ದೆ.

ದಶಕ ಮುಗಿಯುತ್ತ ಬಂದ ಒಂದು ಮಳೆಗಾಲ. ಅಕ್ಕೋರು ಜಪಾನಿನಿಂದ ಟ್ರಂಕಿನೊಡನೆ ತಿರುಗಿ ಬಂದ ವಾರದಲ್ಲೇ ಓಣಿಯಲ್ಲಿ ವಾಂತಿ-ಭೇದಿ ಶುರುವಾಯಿತು. ಮೊದಲು ಅವರ ಪಕ್ಕದ ಖೋಲಿ, ಆಮೇಲೆ ಎದುರಿನದು, ಆಮೇಲೆ ಅದರ ಹಿಂದಿನದು. ಓಣಿಯ ಆ ತುದಿಯಲ್ಲಿ ಒಬ್ಬರಿಗೂ ಏನೂ ಇಲ್ಲ. ಎಲ್ಲಕ್ಕಿಂತ ದೊಡ್ಡದೆಂದರೆ ಅಕ್ಕೋರಿಗೂ ಏನೂ ಇಲ್ಲ. ಚಹದಂಗಡಿಯಲ್ಲಿ ಪೇಪರು ಓದುವವನೊಬ್ಬ, ರಶ್ಯಾದಲ್ಲಿ ಅಣುಸ್ಥಾವರ ಸಿಡಿದಾಗ ಕಿರಣ ತಾಗಿದವರಿಗೆ ಮೊದಲು ಬಂದದ್ದು ವಾಂತಿಯೇ ಎಂದು ನೆನಪಿಸಿದ. ಸಾಕಾಯಿತು. ಟ್ರಂಕಿನೊಳಗೆ ಆ ಕಿರಣವನ್ನೇ ತುಂಬಿ ತಂದಿದ್ದಾಳೆ, ತಾನು ಯಾವುದೋ ಔಷಧಿ ಕುಡಿದು ಪಾರಾಗಿದ್ದಾಳೆ ಎಂಬ ಮಾತು ಸಂಜೆಯೊಳಗೆ ಖಾತ್ರಿಯ ಸುದ್ದಿಯಾಗಿತ್ತು.

ಎಲ್ಲರಿಗಿಂತ ಮುಂದೆ ಬಂದವಳು ಗಂಗವ್ವ. ಬೀಚಿನಲ್ಲಿ ವಿದೇಶಿಯರಿಗೆ ಮಣಿಸರ ಮಾರುವವಳು. ಮಗ ಸೊಸೆ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರಿಂದ ಏಳು ವರ್ಷದ ಮೊಮ್ಮಗಳನ್ನು ಬೆಳೆಸುತ್ತಿದ್ದವಳು ಅವಳೇ. ಆ ಮೊಮ್ಮಗಳೇ ರೇಣುಕಾ. ಮಳೆ ನಿಂತ ಹೊತ್ತಿನಲ್ಲಿ ಓಣಿಯವರೆಲ್ಲ ಅಕ್ಕೋರ ಬಾಗಿಲಲ್ಲಿ ಸೇರಿದರು. ಟ್ರಂಕನ್ನು ಸಮುದ್ರಕ್ಕೆ ಎಸೆಯಬೇಕು, ಖೋಲಿ ಖಾಲಿ ಮಾಡಬೇಕು ಎಂಬ ಬೇಡಿಕೆ ಮುಂದಿಡುವ ಕೆಲಸ ಚಾಳ ನೋಡಿಕೊಳ್ಳುವ ನನ್ನದಾಯಿತು. ಹೇಳಿದೆ. "ನಮ್ಮ ಕೂಸುಗೋಳ ಜೀವದ ಪ್ರಶ್ನೆ ಐತಿ ಯವ್ವಾ," ಎಂದು ಗಂಗವ್ವ ಸೇರಿಸಿದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು.

ಅಕ್ಕೋರು ಯಾರು ಯಾವ ದಿನ ಬಿದ್ದರು, ಯಾವ ಮನೆ ಎಂದು ಒಬ್ಬೊಬ್ಬರನ್ನೇ ಕೇಳಿದರು. ಕಿರಣವೇನಿದ್ದರೂ ಅಲ್ಲಿಯ ಯಂತ್ರದೊಳಗೇ ಹುಟ್ಟಿ ಅಲ್ಲೇ ಸಾಯುತ್ತದೆ, ಡಬ್ಬಿಯಲ್ಲಿ ಎಣಿಕೆ ಮಾತ್ರ ಇದೆ ಎಂದರು. ಯಾರೂ ನಂಬಲಿಲ್ಲ. ಆಮೇಲೆ ಅವರು ಹೇಳಿದ್ದು ಯಾರೂ ನಿರೀಕ್ಷಿಸದ ಮಾತು.

"ನೀವು ಸಂಶಯ ಪಟ್ಟದ್ದು ತಪ್ಪಲ್ರಿ. ನಾ ಬಂದ ವಾರಕ್ಕ ಸುರು ಆಗೈತಿ, ನನ್ನ ಬಾಜೂಕ ಆಗೈತಿ. ನಿಮ್ಮ ಜಾಗಾದಾಗ ನಾ ಇದ್ರೂ ಮೊದ್ಲ ನನ್ನನ್ನ ಹಿಡೀತಿದ್ದೆ. ನಾನೂ ನನ್ನ ಪೆಟ್ಟಿಗಿನೂ ಇಲ್ಲಿಂದ ಹೋಗತೇವಿ. ನಾ ಹೋದ ಮ್ಯಾಲೆ ಬ್ಯಾನಿ ನಿಂತ್ರ ನಾನ ಕಾರಣ. ನಿಲ್ಲಲಿಲ್ಲಂದ್ರ ಬ್ಯಾರೆ ಹುಡಕ್ರಿ."

ಗುಂಪಿನಲ್ಲಿ ನನಗೊಬ್ಬನಿಗೆ ಮಾತ್ರ ತಿಳಿಯಿತು. ಬಿಲ್ಲೆ ತನ್ನನ್ನು ತಾನೇ ತೆಗೆಯುತ್ತಿದೆ! ಎಂಥ ಹೆಂಗಸಪ್ಪ ಎಂದು ಬೆರಗಾದೆ. ಬೆರಗಿನ ಹಿಂದೆಯೇ, ಚಿನ್ನ ಸಾಗಿಸುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ಇನ್ನೊಂದಿಲ್ಲ ಎಂಬ ವಿಚಾರವೂ ಬಂತು. ಟ್ರಂಕು ಹೊತ್ತು ಬಸ್ಸಿಗೆ ಏರಿಸಿದವನು ನಾನೇ. ಪಣಜಿ ಹತ್ತಿರದ ಚಿಂಬಲ್‌ನಲ್ಲಿ ಅವರ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ, ಹುಬ್ಬಳ್ಳಿ ಕಡೆಯ ಗೌಂಡಿ, ತಗಡಿನ ಮನೆಯಲ್ಲಿ ಅವರಿಗೊಂದು ಮೂಲೆ ಕೊಟ್ಟ.

ಮೊದಲ ಕೆಲವು ದಿನ ಯಾರೂ ಬೀಳಲಿಲ್ಲ. ಓಣಿ ಗೆದ್ದ ಹಾಗೆ ನಡೆದಾಡಿತು. ಆಮೇಲೆ ಒಂದು ಮಧ್ಯಾಹ್ನ ರೇಣುಕಾ ಬಿದ್ದಳು. ಸಂಜೆಯೊಳಗೆ ಹುಡುಗಿಯ ಕಣ್ಣು ಗುಳಿ ಬಿದ್ದಿದ್ದವು, ಅಜ್ಜಿಯ ಗುರುತು ಸಿಗುತ್ತಿರಲಿಲ್ಲ. ಸರಕಾರಿ ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದರು. ಡಾಕ್ಟರು, ಎರಡು ದಿನ ದಾಟದೆ ಏನೂ ಹೇಳಲಾಗದು ಎಂದರು.

ಮರುದಿನ ಬೆಳಿಗ್ಗೆ ನಾನು ಚಿಂಬಲ್‌ಗೆ ಹೋದೆ. ಸತ್ಯ ಹೇಳಬೇಕೆಂದರೆ ಒಳ್ಳೆಯ ಸುದ್ದಿ ಒಯ್ಯುವವನ ಹಾಗೆಯೇ ಹೋದೆ. ನೀವು ಹೋದ ಮೇಲೂ ಒಂದು ಕೂಸು ಬಿದ್ದಿದೆ, ನಿಮ್ಮ ಮೇಲಿನ ಅಪವಾದ ಕಳೆಯಿತು ಎಂದೆ. ಅಕ್ಕೋರು ನಗಲಿಲ್ಲ. ಯಾರ ಕೂಸು ಎಂದರು. ಹೇಳಿದೆ. ಅವಳು ಯಾವ ನಳದ ನೀರು ಕುಡಿಯುತ್ತಿದ್ದಳು ಎಂದರು. ಮೂಲೆಯ ನಳದ್ದು, ನಿಮ್ಮ ಖೋಲಿಯ ಮುಂದಿನದು ಎಂದೆ. 

"ನನಗ ಮೊದ್ಲ ದಿನಾನ ಆ ನಳದ ಮ್ಯಾಲೆ ಸಂಶಯ ಇತ್ರಿ," ಎಂದರು. "ಬಿದ್ದವ್ರೆಲ್ಲಾ ಅಲ್ಲಿ ನೀರು ತುಂಬವ್ರ. ನಾ ಕುದಿಸಿ ಕುಡೀತೇನಿ, ನನಗ ಆಗಲಿಲ್ಲ."

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿ ಏರಿತ್ತು.

"ಖಾತ್ರಿ ಇರಲಿಲ್ಲ. ನಳಾನೂ ಅಲ್ಲೇ, ನಾನೂ ಅಲ್ಲೇ. ಮೊದ್ಲ ನನ್ನನ್ನ ತೆಗದ ನೋಡೂಣು, ಆಮ್ಯಾಲೆ ಹೇಳೂಣು ಅಂದ್ಕೊಂಡೆ." ಕನ್ನಡಕ ತೆಗೆದು ಮಡಿಚಿದರು. "ಅಲ್ಲಿ ಬಿಲ್ಲಿ ತೆಗದ್ರ ಬರೇ ಎಣಿಕಿ ಬರ್ತಾವ್ರಿ ಅಣ್ಣಾರ. ಇಲ್ಲಿ ಕೂಸು ಬಂತು."

ಇಡೀ ಓಣಿ ತಮ್ಮನ್ನು ದಬ್ಬಿದಾಗ ಅಳದ ಹೆಂಗಸು, ನಿರಪರಾಧಿ ಎಂದು ತಿಳಿದ ಮೇಲೆ ಅತ್ತರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು. ಕಲಿತವರು ಮಾತ್ರ ಮಾಡಬಹುದಾದ ತಪ್ಪು ಇದು ಎನಿಸಿತು. ನಮ್ಮ ಗಂಗವ್ವನಿಗೆ ನಳದ ಮೇಲೆ ಸಂಶಯ ಬಂದಿದ್ದರೆ ಆ ಕ್ಷಣವೇ ಓಣಿಗೆಲ್ಲ ಕೂಗಿ ಹೇಳುತ್ತಿದ್ದಳು.

ಟ್ರಂಕನ್ನು ಅಲ್ಲೇ ಬಿಟ್ಟು ಅಕ್ಕೋರು ನನ್ನ ಜೊತೆ ಹೊರಟರು. ಬೀಗ ಜಗ್ಗಿ ನೋಡುವವರು ಅವತ್ತು ಬೀಗವನ್ನೇ ಹಾಕಲಿಲ್ಲ. ಮೊದಲು ದವಾಖಾನೆಗೆ ಹೋದೆವು. ಬೆಂಚಿನ ಮೇಲಿದ್ದ ಗಂಗವ್ವ ಸರಿದು ಜಾಗ ಮಾಡಿಕೊಟ್ಟಳು. ಅಲ್ಲಿಂದ ಓಣಿಗೆ ಬಂದವರೇ ಅಕ್ಕೋರು ನಳದ ಮುಂದೆ ನಿಂತು ಕೊಡ ಇಡಲು ಯಾರನ್ನೂ ಬಿಡಲಿಲ್ಲ. ದೂರು ಕೊಟ್ಟು ಕಾಯುವುದಕ್ಕೆ ಅವರಿಗೆ ತಾಳ್ಮೆಯಿರಲಿಲ್ಲ. ಅಗೆಯುವ ಕೈಗಳಿಗೆ ನಮ್ಮಲ್ಲೇನು ಬರ? ಹಾರೆ ಗುದ್ದಲಿ ತಂದು ಅಗೆದರು. ಪೈಪು ಗಟಾರದ ನಡುವೆಯೇ ಹಾದು ಹೋಗಿತ್ತು. ಕೀಲಿನ ಜಾಗದಲ್ಲಿ ಯಾರೋ ಸೈಕಲ್ ಟ್ಯೂಬು ಸುತ್ತಿದ್ದರು, ಅದು ಕೊಳೆತು ಬಾಯಿ ಬಿಟ್ಟಿತ್ತು. ಗುಂಡಿಯ ಸುತ್ತ ನಿಂತವರು ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಡಾಕ್ಟರು ಹೇಳಿದ ಎರಡು ದಿನ ದಾಟಿತು, ರೇಣುಕಾ ಉಳಿದಳು.

ಅಕ್ಕೋರು ಮೂಲೆಯ ಖೋಲಿಗೆ ಮರಳಿದರು. ಆದರೆ ಮರಳಿ ಬಂದವರು ಮೊದಲಿನವರಲ್ಲ. ಜಪಾನಿನ ಕೆಲಸದಲ್ಲಿ ಅದೇ ಬಿಗಿ, ಬಿಲ್ಲೆ ತೆಗೆದು ಅಳೆಯದೆ ಒಂದಕ್ಷರ ಹೊರಗೆ ಬಿಡುತ್ತಿರಲಿಲ್ಲವಂತೆ. ಓಣಿಯಲ್ಲಿ ಮಾತ್ರ ಬಾಯಿಗೆ ಬೀಗವಿಲ್ಲ. "ಸಂಶಯ ಐತಿ, ಖಾತ್ರಿ ಇಲ್ಲ, ಆದ್ರೂ ಕುದಿಸ್ರಿ" ಎಂದು ಮಳೆಗಾಲ ಪೂರ್ತಿ ಮನೆಮನೆಗೆ ಹೇಳುತ್ತಿದ್ದರು. ಕರೆಂಟಿನ ತಂತಿ, ಅಲುಗುವ ಹಂಚು, ವಾಸನೆ ಬಂದ ಬಂಗಡೆ ಮೀನು, 'ಸಂಶಯ ಐತಿ' ಎಂದು ಹೇಳದೆ ಬಿಟ್ಟದ್ದು ಒಂದೂ ಇಲ್ಲ. ಅರ್ಧಕ್ಕರ್ಧ ಸುಳ್ಳಾಗುತ್ತಿದ್ದವು. ಹುಡುಗರು ಅವರ ದನಿಯಲ್ಲೇ ಅಣಕಿಸುತ್ತಿದ್ದರು. ಮೊದಲಾಗಿದ್ದರೆ ಒಂದು ಮಾತು ಸುಳ್ಳಾದರೆ ಎರಡು ದಿನ ಊಟ ಸೇರದ ಹೆಂಗಸು, ಈಗ ಸುಳ್ಳಾದರೆ ಚಲೋ ಆಯಿತೆಂದು ಚಹಾ ಮಾಡಿಕೊಳ್ಳುತ್ತಿದ್ದರು.

ರೇಣುಕಾಳಿಗೆ ದಿನಾ ಸಂಜೆ ಕಟ್ಟೆಯ ಮೇಲೆ ಪಾಠ. ತೊಂಬತ್ತರ ದಶಕದ ನಡುವಿನಲ್ಲಿ ಆರೋಗ್ಯ ಕೆಟ್ಟು ಅಕ್ಕೋರು ಧಾರವಾಡಕ್ಕೆ ಹೋದರು. ಕೆಲವು ವರ್ಷಗಳ ಮೇಲೆ, ಹತ್ತನೆಯ ತರಗತಿ ಮುಗಿಸಿದ ರೇಣುಕಾಳನ್ನು ಅಲ್ಲಿಗೇ ಕರೆಸಿಕೊಂಡು, ಮನೆಯಲ್ಲಿಟ್ಟುಕೊಂಡು, ಮುಂದೆ ನರ್ಸಿಂಗ್ ಓದಿಗೆ ಹಚ್ಚಿದರು. ಗಂಗವ್ವ ಸಾಯುವತನಕ ಅಕ್ಕೋರ ಟ್ರಂಕಿನ ಬಗ್ಗೆ ಪೂರ್ತಿ ನಂಬಿಕೆಗೆ ಬರಲಿಲ್ಲ. ಮೊಮ್ಮಗಳನ್ನು ಮಾತ್ರ ಕಣ್ಣು ಮುಚ್ಚಿ ಅವರ ಕೈಗೆ ಕೊಟ್ಟಳು. ನನಗೂ ಆ ಚಿನ್ನದ ವಿಚಾರ ಆಗಾಗ ಬಂದು ಹೋಗುವುದುಂಟು.

ಈಗ ಆ ರೇಣುಕಾ ನನ್ನ ಬಾಗಿಲಲ್ಲಿ ನಿಂತು ಅಕ್ಕೋರು ಹೋದರು ಎನ್ನುತ್ತಿದ್ದಳು. ಆ ಕಿರಣಗಳಿಂದಲೇ ಏನಾದರೂ ಆಯಿತೇ ಎಂದು ನನ್ನ ನಾಲಗೆ ತುದಿಗೆ ಬಂದಿತ್ತು. ಕೇಳುವ ಮೊದಲೇ, ಹೃದಯ ಸೋತಿತ್ತು ಎಂದಳು. ಆದರೂ ನಾನು ಬಿಡಲಿಲ್ಲ. "ನೋಡಿದವ್ರು ಯಾರು?" ಎಂದು ಕೇಳಿದೆ.

"ನಾನ ನೋಡೇನಿ ಕಾಕಾ," ಎಂದಳು. "ಕಡೀಕ ಬಾಯಾಗ ನೀರು ಬಿಟ್ಟಾಕಿನೂ ನಾನ. ಚಮಚಾ ತುಟಿಗೆ ಹಚ್ಚಿದಾಗ ಕಣ್ಣ ತೆಗದ್ರು. ನನ್ನ ಮುಖಾ ನೋಡಿ, ಕುದಿಸೀ ಏನ ಅಂತ ಕೇಳಿದ್ರು."

ಆಗ ನಂಬಿದೆ.